ಬಯಲಿನಲ್ಲಿ ಸುತ್ತಿ ನಡೆದ ಹೆಜ್ಜೆ

“ಹಗ್ಗದ ಆಚೆ ನಡೀರಿ! ಹಗ್ಗದ ಆಚೆ!”

ಹವಾಲ್ದಾರ ನಜೀರಸಾಬನ ಗಂಟಲು ಬೆಳಗಿನಿಂದ ಕೂಗಿ ಕೂಗಿ ಬಿದ್ದುಹೋಗಿತ್ತು. ಆದರೆ ಕೇಳುವವರು ಯಾರು? ದಂಡೆಯಿಂದ ಕೆಳಗಿಳಿದವರೆಲ್ಲ ಬಗ್ಗಿ ನೆಲ ಮುಟ್ಟುತ್ತಿದ್ದರು. ಮಣ್ಣು ಹಣೆಗೆ ಹಚ್ಚಿಕೊಳ್ಳುತ್ತಿದ್ದರು. ನಮ್ಮ ಪಡಸಾಲಿ ಇಲ್ಲಿತ್ತು, ಅಲ್ಲ ಅದು ನಮ್ಮ ದನದ ಕೊಟಿಗಿ ಎಂದು ಬರಿಯ ಬಯಲಿನ ಮೇಲೆ ನಿಂತು ಜಗಳಾಡುತ್ತಿದ್ದರು.

“ಸಾಹೇಬ್ರ, ಇನ್ನೊಂದು ಆರು ತಿಂಗಳಿಗೆ ನಾವು ಮುಂಬಯಿ ಪೊಲೀಸರಲ್ಲಂತ, ಮೈಸೂರು ಪೊಲೀಸರಂತ. ಆವಾಗರ ಈ ಮಂದಿ ನಮ್ಮ ಮಾತು ಕೇಳ್ತಾರೇನ್ರಿ?” ಎಂದು ನಜೀರಸಾಬ ಕೆಮ್ಮುತ್ತ ಕೇಳಿದ.

“ಮೈಸೂರು ಪೊಲೀಸರ ಗಂಟಲಾನೂ ಬೀಳತೈತಿ. ನೀ ಕೂಗು,” ಎಂದ ಫೌಜದಾರ ದತ್ತಾತ್ರಿ ಮೇವುಂಡಿ.

ಅವನು ಕಲ್ಲೊಂದರ ಮೇಲೆ ಕುಳಿತಿದ್ದ. ಬೂಟಿನೊಳಗೆ ಕಾಲು ಊದಿಕೊಂಡಿತ್ತು. ಮೂರು ರಾತ್ರಿಯಿಂದ ಸರಿಯಾದ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಹಗ್ಗ ಕಾಣುತ್ತಿತ್ತು. ತೆರೆದರೂ ಅದೇ ಹಗ್ಗ.

ಹಳೇ ಕಲ್ಲೊಡ್ಡಿ ಮೂರು ವರ್ಷದ ಹಿಂದೆ ತುಂಗಭದ್ರೆಯ ಹಿನ್ನೀರಿನಲ್ಲಿ ಮುಳುಗಿದ ಊರು. ಜನ ಮೇಲೆ ಹೊಸ ಕಲ್ಲೊಡ್ಡಿಗೆ ಹೋದರು. ಪ್ರತಿ ಬೇಸಿಗೆಗೆ ನೀರು ಇಳಿದು ಹಳೆಯ ನೆಲ ಮೇಲೇಳುತ್ತಿತ್ತು. ಆದರೆ ಈಗ ಅದು ಸರಕಾರದ ನೆಲ. ನೀರಿನಂಚಿನ ಪಟ್ಟಿಗಳನ್ನು ಕಲ್ಲಂಗಡಿ ಬೆಳೆಯುವವರಿಗೆ ಲೀಲಾವು ಕೂಗಿ ಕೊಡುತ್ತಿದ್ದರು. ಅಲ್ಲಿ ಬಿತ್ತಬಹುದು, ಗುಡಿಸಲು ಹಾಕುವಂತಿರಲಿಲ್ಲ. ಊರಿದ್ದ ಜಾಗಕ್ಕಂತೂ ಯಾರೂ ಕಾಲಿಡುವಂತಿರಲಿಲ್ಲ. ಹೂತ ಕಲ್ಲು ಕಂಬ ಕಿತ್ತು ಒಯ್ಯುತ್ತಾರೆಂದು ಸರಕಾರ ಒಬ್ಬ ಕಾವಲುಗಾರನನ್ನೂ ಇಟ್ಟಿತ್ತು. ವರ್ಷಕ್ಕೆ ಒಂದೇ ದಿನ, ಮುಂಡರಗಿಯ ಮಾಮಲೇದಾರರ ಪರವಾನಿಗೆಯ ಮೇಲೆ, ಜನ ಬಂದು ತಮ್ಮ ಊರು ನೋಡಿಹೋಗಬಹುದಾಗಿತ್ತು.

ಆ ದಿನ ಇವತ್ತು.

ಕಾವಲುಗಾರ ದ್ಯಾಮಪ್ಪ ಈ ನೋಟ ನೋಡಲು ಇರಲಿಲ್ಲ. ಹೋದ ವಾರ ಅವನ ಹೆಣ ಅಲ್ಲಾಸಾಬನ ಕಲ್ಲಂಗಡಿ ಪಟ್ಟಿಯ ಅಂಚಿನಲ್ಲಿ ತಲೆ ಒಡೆದು ಬಿದ್ದಿತ್ತು. ಆ ರಾತ್ರಿ ಬೆಳೆ ಕಾಯುತ್ತ ಪಟ್ಟಿಯಲ್ಲಿ ಮಲಗಿದ್ದವನು ಅಲ್ಲಾಸಾಬ ಒಬ್ಬನೇ; ಅವನ ಹೆಂಡತಿ ದಂಡೆಯ ಮೇಲಿನ ಗುಡಿಸಲಿನಲ್ಲಿದ್ದಳು. ದ್ಯಾಮಪ್ಪನಿಗೂ ಅವನಿಗೂ ಮಾತಿಗೆ ಮಾತು ಬೆಳೆದದ್ದನ್ನು ಕಂಡವರೂ ಇದ್ದರು. ಇಷ್ಟು ಸಾಕಾಯಿತು. ನಾಳೆ ಮುಂಜಾನೆಯ ಮೋಟಾರಿಗೆ ಅಲ್ಲಾಸಾಬನನ್ನು ಗದಗಿನ ಕೋರ್ಟಿಗೆ ಹಾಜರುಪಡಿಸಬೇಕೆಂದು ಮೇಲಿನ ಸಾಹೇಬರ ಹುಕುಂ ಬಂದಿತ್ತು.

ದತ್ತಾತ್ರಿಗೆ ಅಲ್ಲಾಸಾಬ ಕೊಂದಿದ್ದಾನೆ ಎಂದು ಅನಿಸಿರಲಿಲ್ಲ. ಕೊಂದಿಲ್ಲ ಎಂದು ಎದೆ ತಟ್ಟಿ ಹೇಳುವ ಧೈರ್ಯವೂ ಇರಲಿಲ್ಲ. ಕೈಯಲ್ಲಿದ್ದದ್ದು ಹಗ್ಗದೊಳಗಿನ ಹೆಜ್ಜೆ ಮಾತ್ರ.

ಕೊಲೆಯಾದ ದಿನ ಸಂಜೆ ಅಡ್ಡಮಳೆ ಹೊಡೆದಿತ್ತು. ನೆಲ ನೆನೆದು ಕಣಕದಂತೆ ಮೆತ್ತಗಾಗಿತ್ತು. ಆ ಮೆತ್ತನೆಯ ನೆಲದ ಮೇಲೆ ಯಾರೋ ದಂಡೆಯಿಂದ ಇಳಿದು, ಮುಳುಗಿದ ಊರನ್ನು ಹಾಯ್ದು, ಅಲ್ಲಾಸಾಬನ ಪಟ್ಟಿಗೆ ಹೋಗಿ, ಅದೇ ದಾರಿಯಲ್ಲಿ ಹಿಂದಿರುಗಿದ್ದರು. ಮರುದಿನದ ಬಿಸಿಲಿಗೆ ಹೆಜ್ಜೆಗಳೆಲ್ಲ ಸುಟ್ಟ ಇಟ್ಟಿಗೆಯಂತೆ ಗಟ್ಟಿಯಾದವು. ಕೆಸರಿನಲ್ಲಿ ಜಾರಿ ಅಗಲವಾಗಿದ್ದರಿಂದ ಕಾಲು ದೊಡ್ಡದೋ ಸಣ್ಣದೋ ತಿಳಿಯುವಂತಿರಲಿಲ್ಲ. ಬರಿಗಾಲು ಎಂಬುದಷ್ಟೇ ಖಾತ್ರಿ.

ಆ ಹೆಜ್ಜೆಗಳದ್ದು ಒಂದು ವಿಚಿತ್ರವಿತ್ತು. ಕಲ್ಲಿಲ್ಲ, ಮುಳ್ಳಿಲ್ಲ, ತಗ್ಗಿಲ್ಲ. ಅಂಗೈಯಂಥ ಸಪಾಟು ನೆಲ. ಅಂಥ ನೆಲದ ಮೇಲೆ ನೆಟ್ಟಗೆ ಬರುತ್ತಿದ್ದ ಹೆಜ್ಜೆ ಇದ್ದಕ್ಕಿದ್ದಂತೆ ಬಲಕ್ಕೆ ಹೊರಳಿ, ಸುತ್ತು ಹಾಕಿ, ಮತ್ತೆ ನೆಟ್ಟಗಾಗುತ್ತಿತ್ತು. ಮುಂದೆ ಹೋಗಿ ಎಡಕ್ಕೆ ಇನ್ನೊಂದು ಸುತ್ತು. ಪಟ್ಟಿಯ ಹತ್ತಿರ ಮತ್ತೊಂದು.

ಗದಗಿನಿಂದ ಬಂದ ಸಾಹೇಬರು ಕೊಡೆ ಹಿಡಿದು ನೋಡಿ, “ಯಾವನೋ ಕುಡುಕ. ಇದನ್ನ ಬರಕೊಂಡು ಕೂತ್ರ ಕೋರ್ಟಿನಾಗ ನಗತಾರ,” ಎಂದು ಹೋಗಿದ್ದರು.

ಇರಬಹುದು. ಸಾಹೇಬರು ಹೇಳಿದ್ದೇ ಸರಿ ಇರಬಹುದು ಎಂದು ದತ್ತಾತ್ರಿಗೂ ಅನಿಸಿತ್ತು. ಆದರೂ ಹೆಜ್ಜೆ ಸಾಲಿನ ಎರಡೂ ಬದಿಗೆ, ಅದು ಹೊರಳಿದಂತೆಯೇ ಹೊರಳಿಸಿ, ಹಗ್ಗ ಕಟ್ಟಿಸಿದ್ದ. ಇವತ್ತಿನ ಪರವಾನಿಗೆ ಒಂದು ವಾರ ಮುಂದೆ ಹಾಕಿ ಎಂದು ಮಾಮಲೇದಾರರನ್ನು ಕೇಳಿಯೂ ನೋಡಿದ. “ವರ್ಷಪೂರ್ತಿ ಕಾದಾರ್ರೀ ಮಂದಿ,” ಎಂದರು ಅವರು. ಅದೂ ನಿಜವೇ. ಸಂಜೆಯ ಹೊತ್ತಿಗೆ ಈ ಜನರ ಕಾಲಡಿ ಒಂದು ಹೆಜ್ಜೆಯೂ ಉಳಿಯುವುದಿಲ್ಲ.

ನಾಳೆಯ ಮೋಟಾರಿಗೇ ಹೆಂಡತಿ ವಿಮಲಾಬಾಯಿಯನ್ನು ಗದಗಿನ ಕಣ್ಣಿನ ಡಾಕ್ಟರರಲ್ಲಿಗೆ ಕರೆದೊಯ್ಯುವುದಾಗಿ ಮಾತು ಕೊಟ್ಟಿದ್ದ. ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ಬೇಡಿ ಹಾಕಿದ ಅಲ್ಲಾಸಾಬ. ನಡುವೆ ತಾನು ಕುಳಿತುಕೊಳ್ಳಬೇಕು. ಅದನ್ನು ನೆನೆದರೇ ದಣಿವಾಗುತ್ತಿತ್ತು.

ಆಗ ಒಬ್ಬ ಮುದುಕಿ ದಂಡೆ ಇಳಿದು ಬಂದಳು.

ಸೊಂಟ ಬಾಗಿತ್ತು, ನಡಿಗೆ ಮಾತ್ರ ಚುರುಕು. ಕಂಕುಳಲ್ಲಿ ಬುತ್ತಿ. ಯಾರ ಕಡೆಗೂ ನೋಡದೆ ಹಗ್ಗದ ಪಕ್ಕಕ್ಕೆ ನೆಟ್ಟಗೆ ಬರುತ್ತಿದ್ದವಳು ಒಮ್ಮೆಲೇ ಬಲಕ್ಕೆ ಹೊರಳಿದಳು. ಖಾಲಿ ನೆಲಕ್ಕೆ ಸುತ್ತು ಹಾಕಿದಳು. ಮತ್ತೆ ನೆಟ್ಟಗಾದಳು.

ದತ್ತಾತ್ರಿ ಎದ್ದು ನಿಂತ. ಹಗ್ಗವೂ ಅಲ್ಲಿಯೇ ಬಲಕ್ಕೆ ಹೊರಳಿತ್ತು.

“ಯವ್ವಾ, ನಿಲ್ಲು!”

“ನಾ ಹಗ್ಗ ದಾಟಿಲ್ಲೋ ಯಪ್ಪಾ! ಬೇಕಾದ್ರ ನಿಮ್ಮ ಕೆಮ್ಮು ಹವಾಲ್ದಾರನ್ನ ಕೇಳು.”

“ದಾಟಿಲ್ಲ. ಈಗ ಸುತ್ತು ಹಾಕಿ ಬಂದೆಲ್ಲ, ಯಾಕ?”

“ಎಲ್ಲಿ ಸುತ್ತು?”

“ಅಲ್ಲಿ. ನೆಟ್ಟಗ ಬರೂದು ಬಿಟ್ಟು.”

“ಬಾವಿ ಐತೆಲ್ಲೋ! ಈ ವಯಸ್ಸಿನಾಗ ಬಾವ್ಯಾಗ ಬೀಳ್ಲೇನು?”

ಬಾವಿ ತೋರಿಸಲು ತಿರುಗಿದವಳ ಕೈ ಅರ್ಧಕ್ಕೇ ನಿಂತಿತು. ಅಲ್ಲಿ ಬಾವಿ ಇರಲಿಲ್ಲ. ಮೂರು ವರ್ಷದ ಹೊಳೆಯ ಮಣ್ಣು ಅದನ್ನು ಬಾಯಿಯ ತನಕ ತುಂಬಿ ಸಪಾಟು ಮಾಡಿತ್ತು. ಮುದುಕಿ ಆ ನೆಲವನ್ನೇ ನೋಡಿದಳು. ಆಮೇಲೆ ಸೆರಗು ಬಾಯಿಗೆ ಹಿಡಿದು ನಗತೊಡಗಿದಳು.

“ಅಯ್ಯ ನನ್ನ ಹುಚ್ಚ ಕಾಲ! ಬಾವಿ ಮುಚ್ಚಿ ಮೂರು ವರ್ಷಾತು. ಕಾಲಿಗೆ ಯಾರೂ ಹೇಳೇ ಇಲ್ಲ ನೋಡು!”

ದತ್ತಾತ್ರಿ ನಗಲಿಲ್ಲ. “ನಿನ್ನ ಹೆಸರೇನವ್ವಾ?”

“ಶಂಕ್ರೆವ್ವ.”

“ಶಂಕ್ರೆವ್ವ, ಈಗ ನಿಮ್ಮನಿಗೆ ಹೋಗು. ನೆಲ ನೋಡಬ್ಯಾಡ. ನನ್ನ ಜತಿ ಮಾತಾಡಿಕೋತ ನಡಿ. ನಿನಗ ಮೊಮ್ಮಕ್ಕಳೆಷ್ಟು?”

ಶಂಕ್ರೆವ್ವನಿಗೆ ಇಂಥ ಪ್ರಶ್ನೆ ಯಾರೂ ಕೇಳದೆ ಬಹಳ ದಿನವಾಗಿರಬೇಕು. ಮೊಮ್ಮಕ್ಕಳ ಹೆಸರು, ಅವರ ಜ್ವರ, ಸೊಸೆಯ ಬಾಯಿ ಎಲ್ಲ ಶುರುವಾಯಿತು. ಸೊಸೆಯನ್ನು ಬೈಯುತ್ತ ಬೈಯುತ್ತಲೇ ಅವಳು ಎಡಕ್ಕೆ ಹೊರಳಿ ಸುತ್ತು ಹಾಕಿದಳು. ಹಗ್ಗವೂ ಹಾಕಿತ್ತು.

“ಇಲ್ಲೇನಿತ್ತು?”

ಅವಳು ನಾಲಗೆ ಕಚ್ಚಿಕೊಂಡಳು. “ಹಣಮಪ್ಪನ ಕಟ್ಟಿ. ನೋಡಪಾ, ಮತ್ತ ಮಾಡಿದೆ!”

ಇನ್ನು ಸ್ವಲ್ಪ ಮುಂದೆ ಅವಳ ಮನೆ ಇದ್ದ ಜಾಗ ಬಂತು. ಶಂಕ್ರೆವ್ವ ಅಲ್ಲಿಯೇ ಕುಳಿತು ಬುತ್ತಿ ಬಿಚ್ಚಿದಳು. ಮೂರನೆಯ ಸುತ್ತು ಅವಳ ದಾರಿಯಲ್ಲಿರಲಿಲ್ಲ.

ದತ್ತಾತ್ರಿ ಟೋಪಿ ತೆಗೆದು ಬೆವರು ಒರೆಸಿಕೊಂಡ. ತನಗೆ ಬೇಕಾದದ್ದನ್ನು ತಾನೇ ನೋಡುತ್ತಿದ್ದೇನೆಯೋ? ಇಲ್ಲ. ಮುದುಕಿ ಹೊರಳಿದ್ದನ್ನು ನಜೀರಸಾಬನೂ ನೋಡಿ ಬಾಯಿ ತೆರೆದು ನಿಂತಿದ್ದ.

“ಹೆಜ್ಜಿ ಕುಡುಕಂದಲ್ಲ, ನಜೀರಸಾಬ. ಈ ಊರಾಗ ಬದುಕಿದವರದ್ದು. ಕತ್ತಲದಾಗ, ಮಳ್ಯಾಗ, ಅವರ ಕಾಲು ಹಳೇ ಓಣಿ ಹಿಡದೈತಿ.”

“ಹಂಗಾರ ಅಲ್ಲಾಸಾಬ?”

“ಅಲ್ಲಾಸಾಬ, ಅವನ ಹೇಣ್ತಿ ಇಬ್ಬರೂ ಲಕ್ಷ್ಮೇಶ್ವರದವರು. ಊರು ಮುಳುಗಿದ ಮ್ಯಾಲ ಬಂದಾರ. ಬಾವಿ ಎಲ್ಲಿತ್ತು ಅಂತ ಅವರಿಗೇನು ಗೊತ್ತು?”

ನಜೀರಸಾಬನ ಮುಖ ಅರಳಿತು. “ಹಂಗಾರ ನಾಳೆ ಗದಗಿಗೆ ಒಯ್ಯೂದು ಬ್ಯಾಡ?”

“ಇಷ್ಟಕ್ಕ ಸಾಹೇಬರು ಒಪ್ಪೂದಿಲ್ಲ. ಮುದುಕಿ ಕಾಲು ಹೊರಳತು ಅಂತ ಬರೀಲೇನು? ಕಾಲು ಯಾರದು ಅಂತ ಹೇಳಬೇಕು.” ದತ್ತಾತ್ರಿ ಜನರ ಕಡೆ ನೋಡಿದ. “ಮೂಕಪ್ಪ ಎಲ್ಲಿದ್ದಾನ?”

ಮೂಕಪ್ಪ ಜಾಲಿ ಗಿಡದ ತುಂಡು ನೆರಳಿನಲ್ಲಿ ಬೀಡಿ ಸೇದುತ್ತ ಕುಳಿತಿದ್ದ. ಅಲ್ಲಾಸಾಬನ ಪಟ್ಟಿ ಮೊದಲು ಅವನ ಹೊಲವಾಗಿತ್ತು. ಮೂರು ವರ್ಷದಿಂದ ಅವನು ಯಾರ ಜತೆಗೂ ನೆಟ್ಟಗೆ ಮಾತಾಡುತ್ತಿರಲಿಲ್ಲ.

“ಏಳು ಮೂಕಪ್ಪ. ನಿನ್ನ ಹೊಲಕ್ಕ ಹೋಗೂಣು.”

“ನನ್ನ ಹೊಲ ಎಲ್ಲೈತ್ರಿ ಸಾಹೇಬ್ರ? ಅದು ಸರಕಾರದ್ದು. ನಾ ಕಾಲಿಟ್ರ ಅತಿಕ್ರಮಣ. ಲಕ್ಷ್ಮೇಶ್ವರದಾಂವ ಕಾಲಿಟ್ರ ಬೆಳಿ.”

“ಇವತ್ತ ಪರವಾನಿಗಿ ಐತಿ.”

“ಹೌದು. ಹೊತ್ತು ಮುಳುಗೂ ತನಕ ನಮ್ಮೂರು ನಮ್ಮದು. ನಮ್ಮ ಮನಿಗೆ ನಾವು ಬೀಗರಂಗ ಬಂದು ಹೋಗಬೇಕು. ಊಟಕ್ಕೂ ಯಾರೂ ಕರೆಯೂದಿಲ್ಲ.” ಮೂಕಪ್ಪ ಮೊಣಕಾಲಿಗೆ ಕೈಕೊಟ್ಟು ಎದ್ದ. “ನಡೀರಿ.”

ಹಗ್ಗದ ಪಕ್ಕಕ್ಕೆ ಇಬ್ಬರೂ ನಡೆದರು. ದತ್ತಾತ್ರಿ ಬೇಕೆಂದೇ ಒಂದು ಹೆಜ್ಜೆ ಹಿಂದೆ ಉಳಿದ.

“ದ್ಯಾಮಪ್ಪನ ಜತಿ ನಿನಗ ಜಗಳಿತ್ತು.”

“ಯಾರಿಗಿರಲಿಲ್ರಿ? ದನ ನೀರಿಗೆ ಹೋಗೂ ಹಾದಿಗೆ ಮುಳ್ಳು ಹಚ್ಚಿದ್ದ. ಆ ಹಾದಿ ಬಿಡಬೇಕಂತ ಮಾಮಲೇದಾರ್ರೇ ಹೇಳ್ಯಾರ, ಆದ್ರೂ ಹಚ್ಚಿದ್ದ. ನಮ್ಮ ಓಣ್ಯಾಗ ಚಡ್ಡಿ ಇಲ್ಲದ ಆಡಿ ಬೆಳದಾಂವ. ಎದಿಗೆ ಸರಕಾರಿ ಬಿಲ್ಲಿ ಬಿದ್ದಿದ್ದ ತಡ, ‘ಯಾರು ನೀ, ಯಾವೂರು’ ಅಂತ ನನ್ನ ಕೇಳ್ತಾನ!”

ಹೇಳುತ್ತಲೇ ಮೂಕಪ್ಪ ಬಾವಿಗೆ ಸುತ್ತು ಹಾಕಿದ. ದತ್ತಾತ್ರಿ ಹಗ್ಗ ನೋಡಿಕೊಂಡ.

“ಅದಕ್ಕ ಸಿಟ್ಟು ಬಂತು.”

“ಬರಲಿಲ್ಲಂದ್ರ ನಾ ಮನಶ್ಯಾ ಏನ್ರಿ?”

ಹಣಮಪ್ಪನ ಕಟ್ಟೆ ಬಂತು. ಮೂಕಪ್ಪ ಎಡಕ್ಕೆ ಹೊರಳಿದ. ಹೊರಳುವಾಗ ಅವನ ಬಲಗೈ ತಾನಾಗಿಯೇ ಎದೆ ಮುಟ್ಟಿ ಕೆಳಗಿಳಿಯಿತು.

ಇನ್ನು ಒಂದೇ ಸುತ್ತು. ದತ್ತಾತ್ರಿಯ ಕಣ್ಣೆದುರು ನಾಳೆಯ ಮೋಟಾರು ಖಾಲಿಯಾಯಿತು. ಅಲ್ಲಾಸಾಬನನ್ನು ಬಿಡುಗಡೆ ಮಾಡಿ, ವಿಮಲಾಬಾಯಿಯ ಪಕ್ಕ ಕುಳಿತು, ಕಿಟಕಿಗೆ ತಲೆ ಆನಿಸಿ ಗದಗಿನ ತನಕ ನಿದ್ದೆ ಮಾಡಬಹುದು.

ಮೂರನೆಯ ತಿರುವು ಬಂತು. ಹಗ್ಗ ಹೊರಳಿತು.

ಮೂಕಪ್ಪ ಹೊರಳಲಿಲ್ಲ. ನೆಟ್ಟಗೆ ಆ ಖಾಲಿ ನೆಲದ ಮೇಲೇ ನಡೆದುಹೋದ.

“ನಿಲ್ಲು.” ದತ್ತಾತ್ರಿ ಹಗ್ಗದ ತಿರುವಿನಲ್ಲೇ ನಿಂತ. “ಹಿಂದಕ್ಕ ಬಾ. ಇಲ್ಲಿ ಯಾಕ ಸುತ್ತು ಹಾಕಲಿಲ್ಲ?”

“ಯಾವುದಕ್ಕ ಹಾಕಬೇಕಿತ್ರಿ?”

“ಇಲ್ಲೇನಿತ್ತು?”

“ಏನೂ ಇರಲಿಲ್ರಿ. ಊರ ಹಿಂದಿನ ಬಯಲ. ಮಧ್ಯಾಹ್ನ ದನ ನಿಂದರತಿದ್ವು. ಸಣ್ಣಾವ್ರಿದ್ದಾಗ ಚಿಣಿಪಣಿ ಆಡಿದ್ದು ಇಲ್ಲೇ.”

ಹಿಂದೆ ಬಂದು ನಿಂತ ಮೂಕಪ್ಪ ಒಮ್ಮೆ ಫೌಜದಾರನ ಮುಖ ನೋಡಿದ, ಒಮ್ಮೆ ಹಗ್ಗ ನೋಡಿದ. ಹಗ್ಗದ ಮೇಲೆ ಅವನ ಕಣ್ಣು ಹಿಂದೆ ಹಿಂದೆ ಓಡಿ ಕಟ್ಟೆಯ ಸುತ್ತು, ಬಾವಿಯ ಸುತ್ತು ನೋಡಿ ಬಂತು.

“ಓಹೋ,” ಎಂದ ನಿಧಾನವಾಗಿ. “ನನ್ನ ಕಾಲಿನ ಪಂಚನಾಮಿ ಮಾಡಾಕತ್ತೀರಿ?”

ದತ್ತಾತ್ರಿ ಟೋಪಿ ಸರಿಮಾಡಿಕೊಂಡ.

“ಮಾಡ್ರಿ. ಹೊಲ ತಗೊಂಡ್ರಿ, ಮನಿ ತಗೊಂಡ್ರಿ, ಕಾಲೊಂದು ಉಳಿದಿತ್ತು.” ಮೂಕಪ್ಪ ನಗಲು ಹೋದ, ಆಗಲಿಲ್ಲ. “ಇವು ನಮ್ಮೂರು ಕಂಡವರ ಹೆಜ್ಜಿ, ಖರೆ. ಇಲ್ಲ ಅನ್ನೂದಿಲ್ಲ. ಆದ್ರ ಇಲ್ಲಿ ಹೊರಳ್ಯಾವಲ್ಲ, ಇದು ನನಗೂ ಗೊತ್ತಿಲ್ಲ. ಕಲ್ಲೊಡ್ಯಾಗ ಹುಟ್ಟಿದ ಯಾವ ಮಗಾನೂ ಇಲ್ಲಿ ಹೊರಳೂದಿಲ್ಲ. ಕರಸ್ರಿ ಬೇಕಾದ್ರ, ಎಲ್ಲಾರನ್ನೂ ನಡಸ್ರಿ.”

ದತ್ತಾತ್ರಿ ಮೊಣಕಾಲೂರಿ ಕುಳಿತ. ಮಳೆಯ ನೀರು ನಿಂತಿತ್ತೋ ಏನೋ, ಅದನ್ನು ತಪ್ಪಿಸಲು ಹೊರಳಿದ್ದರೆ? ಅದನ್ನು ಮೊದಲೇ ಯೋಚಿಸಬೇಕಾಗಿತ್ತು. ನೀರು ನಿಂತು ಇಂಗಿದ ಕಡೆ ಮಣ್ಣು ಹಪ್ಪಳದಂತೆ ಮೇಲೆದ್ದು ಸುರುಳಿಯಾಗುತ್ತದೆ. ಸುತ್ತಮುತ್ತ ತಗ್ಗುಗಳಲ್ಲಿ ಹಾಗೇ ಆಗಿತ್ತು. ಇಲ್ಲಿ ಇಲ್ಲ. ಅವನು ಅಂಗೈಯಿಂದ ಸವರಿ ನೋಡಿದ. ಬಿರುಕು ಬಿಟ್ಟ ಗಟ್ಟಿ ನೆಲ, ಅಕ್ಕಪಕ್ಕದಂತೆಯೇ.

ಹೋಗುವಾಗ ಹೊರಳಿದ ಹೆಜ್ಜೆ, ಬರುವಾಗ ಇನ್ನೂ ದೂರದಿಂದ ಹೊರಳಿತ್ತು. ಬಾವಿಗೆ ಬೀಳುವ ಭಯವಿದ್ದವರು ಹೊರಳುವಂತಲ್ಲ. ಗೋರಿಯಂಥ ತುಳಿಯಬಾರದ ಕಡೆ ಕಾಲು ತಗಲೀತೆಂದು ಹೊರಳುವಂತೆ.

ಊರಿಗೆ ಗೊತ್ತಿಲ್ಲದ ಏನೋ ಇಲ್ಲಿತ್ತು. ಒಬ್ಬರಿಗೆ ಮಾತ್ರ ಗೊತ್ತಿತ್ತು.

“ಸಾಹೇಬ್ರ!”

ಕಲ್ಲಂಗಡಿ ಪಟ್ಟಿಯ ಕಡೆಯಿಂದ ಹೆಣ್ಣು ದನಿ. ಅಲ್ಲಾಸಾಬನ ಹೆಂಡತಿ ಮೋತಿಬಿ. ಗಂಡ ಠಾಣೆಗೆ ಹೋದಂದಿನಿಂದ ಆಕೆಯೊಬ್ಬಳೇ ಬಳ್ಳಿಗಳಿಗೆ ಕೊಡ ಹೊತ್ತು ನೀರು ಹಾಕುತ್ತಿದ್ದಳು. ಮುಖದ ತನಕ ಸೆರಗು ಎಳೆದುಕೊಂಡು, ಕೈಯಲ್ಲಿ ಬಟ್ಟೆಯ ಗಂಟು ಹಿಡಿದು, ಬಿರಬಿರನೆ ಬರುತ್ತಿದ್ದಳು. ದಾರಿಗಿಂತ ಫೌಜದಾರನ ಮೇಲೇ ಅವಳ ಕಣ್ಣು.

“ನಾಳೆ ಗದಗಿಗೆ ಒಯ್ತೀರಂತ ಖರೆ ಏನ್ರಿ ಸಾಹೇಬ್ರ? ಅವಗ ಎರಡ ರೊಟ್ಟಿ ತಂದೀನ್ರಿ, ಹವಾಲ್ದಾರ್ರ ಕೈಯಾಗ ಕಳಿಸ್ರಿ. ಠಾಣ್ಯಾದಾಗಿನ ಕೂಳು ಅವಗ ಒಗ್ಗೂದಿಲ್ರಿ...”

ಹೇಳುತ್ತ ಬಂದವಳು ಆ ಬಯಲಿಗೆ ಬಂದಾಗ ಹೊರಳಿದಳು.

ದೂರದಿಂದಲೇ ಹೊರಳಿದಳು. ಸೀರೆಯ ನೆರಿಗೆ ಒಂದು ಕೈಯಲ್ಲಿ ಎತ್ತಿ ಹಿಡಿದು, ಖಾಲಿ ನೆಲಕ್ಕೆ ದೊಡ್ಡ ಸುತ್ತು ಹಾಕಿ, ಇವರೆದುರು ಬಂದು ನಿಂತಳು.

ಮೂಕಪ್ಪನ ಬೀಡಿ ತುಟಿಯಲ್ಲೇ ಉಳಿಯಿತು. ಅವನು ಆಕೆಯ ಗಂಡನ ಮೇಲಿನ ಸಿಟ್ಟಿಗೆ ಆಕೆಯ ಮುಖ ಎಂದೂ ನೋಡಿದವನಲ್ಲ. ಈಗ ಬಗ್ಗಿ, ಹಳೆಯ ಗುರುತು ಹುಡುಕುತ್ತ, ಸೆರಗಿನೊಳಗೆ ಇಣುಕತೊಡಗಿದ.

ದತ್ತಾತ್ರಿ ಮೊಣಕಾಲೂರಿದಲ್ಲಿಯೇ ಕುಳಿತಿದ್ದ. ಗಂಡಸಿನ ಹೆಜ್ಜೆ ಎಂದು ತಾನು ಯಾಕೆ ಅಂದುಕೊಂಡೆ? ಯಾರೂ ಹೇಳಿರಲಿಲ್ಲ. ತಾನೇ ಅಂದುಕೊಂಡಿದ್ದ. ಇಷ್ಟು ದಿನ ಹಗ್ಗ ಕಾದದ್ದು ಈ ಹೆಂಗಸಿನ ಗಂಡನನ್ನು ಬಿಡಿಸಲು. ಬಿಡಿಸುವ ದಾರಿಯೂ ಸಿಕ್ಕಿತ್ತು. ಆದರೆ ಅದು ಇವಳ ಕಾಲಿನ ತನಕ ಬಂದು ನಿಂತಿತ್ತು.

“ಮೋತಿಬಿ,” ಎಂದ ಕೊನೆಗೆ. “ನಿನ್ನ ತವರು ಯಾವೂರು?”

“ಲಕ್ಷ್ಮೇಶ್ವರ ಅಂತ ಹೇಳೀನೆಲ್ರಿ.”

“ಹೇಳೀದಿ. ಇಲ್ಲಿಗೆ ಮೊದಲ ಎಂದೂ ಬಂದಿರಲಿಲ್ಲ ಅಂತನೂ ಹೇಳೀದಿ.”

ಅವನ ಕಣ್ಣು ತನ್ನ ಬೆನ್ನ ಹಿಂದೆ ಏನೋ ನೋಡುತ್ತಿರುವುದು ಆಕೆಗೆ ತಿಳಿಯಿತು. ತಿರುಗಿದಳು. ತಾನು ಬಂದ ದಾರಿ ನೋಡಿದಳು, ಸುತ್ತು ಹಾಕಿದ ನೆಲ ನೋಡಿದಳು. ಹಗ್ಗ ನೋಡಿದಳು. ರೊಟ್ಟಿಯ ಗಂಟು ಹಿಡಿದ ಕೈ ಮೆಲ್ಲಗೆ ಕೆಳಗಿಳಿಯಿತು. ಅವಳು ಮತ್ತೆ ಇವರ ಕಡೆ ತಿರುಗಲಿಲ್ಲ.

“ಸಾಹೇಬ್ರ! ಫೌಜದಾರ ಸಾಹೇಬ್ರ!”

ದಂಡೆಯ ಮೇಲೆ ಠಾಣೆಯ ಪೊಲೀಸನೊಬ್ಬ ಸೈಕಲ್ ಕೆಡವಿ ಜನರ ನಡುವೆ ಓಡಿ ಬರುತ್ತಿದ್ದ. ಮುಂಡರಗಿಯಿಂದ ಬಿಸಿಲಿನಲ್ಲಿ ಸೈಕಲ್ ಹೊಡೆದುಕೊಂಡು ಬಂದವನ ಅಂಗಿ ಮೈಗೆ ಅಂಟಿತ್ತು. ನಜೀರಸಾಬ ತಡೆಯುವ ಮೊದಲೇ ಹಗ್ಗ ದಾಟಿ, ಹೆಜ್ಜೆಗಳ ಮೇಲೆ ಬೂಟಿನಿಂದ ಧಪಧಪ ತುಳಿಯುತ್ತ ಬಂದುಬಿಟ್ಟ.

“ಕೆಲಸ ಆತ್ರಿ ಸಾಹೇಬ್ರ! ಅಲ್ಲಾಸಾಬ ಬಾಯಿ ಬಿಟ್ಟ! ಯಾರೂ ಕೈ ಸುದ್ದಾ ಹಚ್ಚಿಲ್ರಿ, ತಾನ ಕರದು ಹೇಳಿದ. ಕೊಲಿ ನಾನ ಮಾಡೀನಿ, ಮತ್ತ ಯಾರೂ ಇಲ್ಲ ಅಂತ ಒಪ್ಪಿಕೊಂಡ್ರಿ!”

ದತ್ತಾತ್ರಿ ಪೊಲೀಸನ ಕಡೆ ನೋಡಲಿಲ್ಲ. ಮೋತಿಬಿಯ ಬೆನ್ನನ್ನೇ ನೋಡುತ್ತಿದ್ದ.

ಆಕೆ ರೊಟ್ಟಿಯ ಗಂಟನ್ನು ಕೆಳಗಿಟ್ಟಳು. ಆ ಖಾಲಿ ನೆಲದ ಅಂಚಿನಲ್ಲಿ, ಅದರ ಮೇಲೆ ಸೆರಗಿನ ತುದಿಯೂ ಬೀಳದಂತೆ, ಮೆಲ್ಲಗೆ ಕುಳಿತುಕೊಂಡಳು. ಬಹಳ ದಣಿದ ದನಿಯಲ್ಲಿ, ಯಾರನ್ನೂ ನೋಡದೆ ಕೇಳಿದಳು:

“ಯಾವ ಕೊಲಿ ಒಪ್ಪಿಕೊಂಡಾನ್ರಿ?”